ಬೆಳ್ಳಿಕಾಗದಕ್ಕೆ ಎರಡು ಮೈ

ಮೊದಲು ಅದು ಬರೀ ವಾಸನೆ,
ಕಪಾಟಿನ ಹಿಂದೆ, ಹಳೇ ಅಕ್ಕಿಚೀಲದ ಹಾಗೆ.
ಜುಲೈ ಎರಡನೇ ವಾರ
ಮಗಳ ಮಂಚದ ತಲೆಯ ಕಡೆ ಒಂದು ಕಲೆ ಎದ್ದಿತು.
ಅವಳೇ ತೋರಿಸಿದಳು: ‘ಅವ್ವಾ, ಇಲ್ಲೊಂದು ಆಮೆ.’

ಆಮೆ ನಿಧಾನ ಅನ್ನುತ್ತಾರೆ. ಸುಳ್ಳು.
ಗಣಪತಿ ಕೂರುವ ಮೊದಲೇ ಅದು
ಸ್ವಿಚ್ ಬೋರ್ಡು ದಾಟಿ ಕಿಟಕಿ ಮುಟ್ಟಿತ್ತು,
ಬೆನ್ನ ಮೇಲೆ ಕರೀ ಬೂಷ್ಟು ಹೊತ್ತು.

ಫೋನು ಮಾಡಿದೆ. ಮಾಲಕಿ ವಾಲಾವಲ್ಕರ್ ಬಾಯಿ
ವಿರಾರದಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ
ಭಾಂಡೂಪಿಗೆ ಬಂದರು.
ತೊಟ್ಟಿಕ್ಕುವ ಕೊಡೆ ಹೊಸ್ತಿಲಾಚೆಗೇ ಇಟ್ಟು
ಅಂಗೈಯಿಂದ ಗೋಡೆ ಮುಟ್ಟಿದರು,
ಜ್ವರ ನೋಡುವವರ ಹಾಗೆ.
ಆಮೇಲೆ ನನ್ನ ಸಂಸಾರ ನೋಡಿದರು:
ಅಡ್ಡಕ್ಕೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಯೂನಿಫಾರ್ಮು,
ಕುಕ್ಕರಿನ ಮೂರನೇ ಸೀಟಿ,
ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ.
‘ಇದು ನಿಮ್ಮ ಉಗಿ,’ ಅಂದರು.
‘ಇದು ನಿಮ್ಮ ಮಳೆ,’ ಅಂದೆ.

ಕರಾರುಪತ್ರ ತೆಗೆದೆವು. ಹನ್ನೊಂದು ತಿಂಗಳದ್ದು;
ಹನ್ನೆರಡನೆಯದು ಯಾರದೂ ಅಲ್ಲ.
ಏಳನೇ ಕಲಮು: ಒಳಗಿನ ಸಣ್ಣಪುಟ್ಟ ರಿಪೇರಿ ಬಾಡಿಗೆಯವರದು.
ಎಂಟನೆಯದು: ಕಟ್ಟಡದ ದೊಡ್ಡ ಕೆಲಸ ಮಾಲಕರದು.
ಏಳಕ್ಕೂ ಎಂಟಕ್ಕೂ ನಡುವೆ
ಬೆರಳಗಲ ಬಿಳಿ ಜಾಗ.
ನೀರು ಬಂದದ್ದು ಅಲ್ಲಿಂದ.

ಡಿಪಾಸಿಟ್ಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಎಪ್ಪತ್ತು ಸಾವಿರ ನಮ್ಮಿಬ್ಬರ ನಡುವೆ
ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿತ್ತು.

ಸೊಸೈಟಿ ಸೆಕ್ರೆಟರಿ ಹೇಳಿದ: ಹೊರಗೋಡೆ ನಮ್ಮದೇ,
ಫಂಡು ಮಾತ್ರ ನಮ್ಮದಲ್ಲ.
ಮೇಲಿನ ಮನೆಯಾಕೆ ಬಚ್ಚಲ ಬಾಗಿಲು ತೆರೆದೇ ತೋರಿಸಿದಳು,
‘ನೋಡ್ರೀ, ಹಪ್ಪಳ ಒಣಗಿಸಬಹುದು.’

ಕೊನೆಗೆ ಇಸ್ರಾಯಿಲ್ ಮಿಸ್ತ್ರಿ ಬಂದ.
ಗೋಡೆಗೆ ಬೆರಳಿನಿಂದ ಬಡಿದ, ಕಿವಿಗೊಟ್ಟ.
‘ಜಗಳ ಬಿಡಿ. ಚಪಾತಿ ಸುತ್ತೋ ಬೆಳ್ಳಿಕಾಗದ ಕೊಡಿ.’
ನಾಕೂ ಅಂಚಿಗೆ ಟೇಪು ಹಚ್ಚಿ ಕಲೆಯ ಮೇಲೆ ಅಂಟಿಸಿದ.
‘ಎರಡು ದಿನ. ಈಚೆ ಮೈ ಒದ್ದೆಯಾದರೆ ಮನೆಯೊಳಗಿನವರದು.
ಆಚೆ ಮೈ ಒದ್ದೆಯಾದರೆ ಗೋಡೆಯದು.
ಕಾಗದ ಯಾರ ಕಡೆಯೂ ಅಲ್ಲ.’

ಎರಡು ದಿನ ನಾನು ಅನ್ನಕ್ಕಿಡಲಿಲ್ಲ, ಪಾವ್ ತಂದೆ.
ಕಿಟಕಿ ತೆರೆದಿಟ್ಟು ಸೊಳ್ಳೆಗೆ ರಕ್ತ ಕೊಟ್ಟೆ.
ಒದ್ದೆ ಬಟ್ಟೆ ಪಕ್ಕದ ಮನೆಯ ಗ್ಯಾಲರಿಗೆ ಸಾಗಿಸಿದೆ,
ಕಳ್ಳಮಾಲಿನ ಹಾಗೆ, ಬಕೆಟ್ಟಿಗೆ ಮುಚ್ಚಳ ಹಾಕಿ.
ರಾತ್ರಿ ಮಗಳಿಗೂ ಹೇಳಿದೆ:
ಗೋಡೆಯ ಕಡೆ ಮುಖ ಮಾಡಿ ಮಲಗಬೇಡ.
‘ಉಸಿರಾಡಬಹುದಾ?’ ಅಂತ ಕೇಳಿದಳು.

ಮಳೆ ಶುರುವಾದಾಗಿನಿಂದ ಅವಳ ಎದೆ
ಸೀಟಿ ಹೊಡೆಯುತ್ತಿತ್ತು, ಸಣ್ಣಗೆ.
ಆ ರಾತ್ರಿ ನಾನು ಅದನ್ನು ಎಣಿಸುತ್ತ ಕೂತೆ.
ಉಸಿರಿಗೂ ಬಾಡಿಗೆ ಲೆಕ್ಕ ಹಾಕಿದ ತಾಯಿ ನಾನು.

ಮೂರನೇ ದಿನ ಬಾಯಿಯೇ ಟೇಪು ಕಿತ್ತರು.
ಹಿಂದಿನ ನೀರು ಮೊಳಕೈವರೆಗೆ ಇಳಿದು
ಹಸಿರು ಬಳೆಗಳಲ್ಲಿ ನಿಂತಿತು.
ಕಾಗದ ತಿರುಗಿಸಿದರು.
ಈಚೆಗೂ ಇತ್ತು, ಸಾಸಿವೆಕಾಳಿನಷ್ಟು ಸಾಸಿವೆಕಾಳಿನಷ್ಟು ಹನಿ,
ನಡುವೆ ಪುಟ್ಟ ಬೆರಳೊಂದು ಗೀಚಿದ ದಾರಿ.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.
‘ವಿರಾರದಲ್ಲಿ ನಾನೂ ಬಾಡಿಗೆಗೇ,’ ಅಂದರು.
‘ನೀವು ಕೊಡೋದನ್ನ ಅಲ್ಲಿ ಕೊಡ್ತೀನಿ.
ಅಲ್ಲೂ ಗೋಡೆ ಹೀಗೇ. ಆತ ಫೋನು ಎತ್ತೋದಿಲ್ಲ.’

ನನಗೆ ಮರುಕ ಬಂತು. ಮರುಕಕ್ಕೆ ವಾಟರ್‌ಪ್ರೂಫಿಂಗ್ ಆಗುವುದಿಲ್ಲ;
ಅದನ್ನೂ ಹೇಳಿದೆ.

ಬಿಳಿ ಜಾಗದಲ್ಲಿ ಪೆನ್ನಿನಿಂದ ಬರೆದೆವು,
ಅವರು ಮರಾಠಿಯಲ್ಲಿ, ನಾನು ಕನ್ನಡದಲ್ಲಿ:
ದಸರಾ ಕಳೆದು ಗೋಡೆ ಒಣಗಿದ ಮೇಲೆ ಹೊರಗಿನ ಬಿರುಕು ಅವರದು.
ಅಡುಗೆಮನೆಗೆ ಗಾಳಿಯ ಫ್ಯಾನು ನನ್ನದು.
ಸೊಸೈಟಿಗೆ ಅರ್ಜಿ, ಇಬ್ಬರ ಸಹಿ.
ಕಾಗದವೇ ತಂಪು ಹೀರಿತ್ತು, ಮಸಿ ಹರಡಿತು.

ಹೊರಡುವ ಮುನ್ನ ಮಂಚವನ್ನು ಆಚೀಚೆ ಹಿಡಿದು
ಗೋಡೆಯಿಂದ ಒಂದು ಗೇಣು ಈಚೆಗೆಳೆದೆವು.
ಒಂದು ಕಾಲು ಅಲುಗುತ್ತಿತ್ತು.
ಅದು ಯಾರ ರಿಪೇರಿ ಎಂದು
ಯಾರೂ ಕೇಳಲಿಲ್ಲ.